ಬನ್ನಂಜೆಯ ಬಂಜಿ ಕೇಕ್

ಒವನ್‌ನಿಂದ ತೆಗೆದ ಕೇಕನ್ನು ಎಲ್ಲರೂ ಮೂಗಿನ ಹತ್ತಿರ ತರುತ್ತಾರೆ. ಬಾಯಮ್ಮ ಕಿವಿಯ ಹತ್ತಿರ ತರುತ್ತಿದ್ದರು. ಎರಡೂ ಕೈಗೆ ಹಳೆ ಟವೆಲ್ ಸುತ್ತಿಕೊಂಡು, ಬಿಸಿ ಟಿನ್ನನ್ನು ಬಲಗಿವಿಯಿಂದ ನಾಲ್ಕು ಬೆರಳು ದೂರದಲ್ಲಿ ಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಗ ಅಡುಗೆಮನೆಯಲ್ಲಿ ಯಾರೂ ಮಾತಾಡುವಂತಿಲ್ಲ, ನಲ್ಲಿ ಬಿಡುವಂತಿಲ್ಲ. ಒಳಗೆ ಹಸಿ ಉಳಿದ ಕೇಕ್ ಸಣ್ಣಗೆ ಚಿಟಿಚಿಟಿ ಎನ್ನುತ್ತದೆ. ಪೂರ್ತಿ ಬೆಂದದ್ದು ಸುಮ್ಮನಾಗುತ್ತದೆ. ಇದು ಕಟ್ಟುಕತೆಯಲ್ಲ, ನಾನೂ ಕೇಳಿದ್ದೇನೆ. ಮಾತಾಡುವುದನ್ನು ವಾಪಸು ಒಳಗೆ ಇಡಬೇಕು, ಮಾತು ಮುಗಿಸಿದ್ದು ಮಾತ್ರ ಹೊರಗೆ ಬರಬೇಕು ಎನ್ನುವುದು ಅವರ ಲೆಕ್ಕ.

ಅವರು ತೀರಿಹೋಗಿ ಎರಡು ತಿಂಗಳಾಯಿತು. ಅವರ ಸಾವಿನ ಬಗ್ಗೆ ಪೊಲೀಸರಿಗೆ ನಾನು ಎರಡು ಸಲ ಹೇಳಿಕೆ ಕೊಟ್ಟಿದ್ದೇನೆ. ಮೊದಲನೆಯದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೂ ಅದು ಸರಿಯಾದ ಹೇಳಿಕೆಯಾಗಿರಲಿಲ್ಲ. ಯಾಕೆ ಎನ್ನುವುದನ್ನು ಕ್ರಮವಾಗಿ ಹೇಳಬೇಕು.

ಅವರ ಹೆಸರು ಬರೆಯುವುದಿಲ್ಲ. ನಮ್ಮ ಕಡೆ ಕ್ರಿಶ್ಚಿಯನ್ ಮನೆಗಳ ಹಿರಿಯ ಹೆಂಗಸರನ್ನು ಬಾಯಮ್ಮ ಎನ್ನುತ್ತೇವೆ, ನಾನೂ ಹಾಗೇ ಕರೆದೆ. ಉಡುಪಿಯ ಬನ್ನಂಜೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಮೊಣಕಾಲೆತ್ತರದ ಒಂದು ಕಂಪೌಂಡು. ಅವರ ಗಂಡ ಕುವೈತಿನಲ್ಲಿ ದುಡಿದು ಊರಿಗೆ ಬಂದು, ಬಂದ ವರ್ಷದೊಳಗೆ ತೀರಿಕೊಂಡರು. ಒಬ್ಬಳೇ ಮಗಳು, ಮದುವೆಯಾಗಿ ಕಾಪುವಿನಲ್ಲಿದ್ದಾಳೆ. ಬಾಯಮ್ಮನ ಮನೆಮಾತು ಕೊಂಕಣಿ, ನನ್ನ ಹತ್ತಿರ ತುಳು, ಕೋಪ ಬಂದರೆ ಮಾತ್ರ ಕನ್ನಡ. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, ಕನ್ನಡದಲ್ಲಿ ಬೈದರೆ ಶಾಲೆಯಲ್ಲಿ ಬೈದ ಹಾಗೆ ಮರ್ಯಾದೆ ಉಂಟು ಎಂದರು. ಇಲ್ಲಿ ಅವರ ಎಲ್ಲ ಮಾತನ್ನೂ ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅವರು ಹುಟ್ಟಿದ್ದು ಕಾರ್ಕಳದ ಹತ್ತಿರದ ಒಂದು ಹಳ್ಳಿಯಲ್ಲಿ. ಅವರ ತಾಯಿ ಕ್ರಿಸ್ಮಸ್ಸಿಗೆ ದಪ್ಪ ತಳದ ಪಾತ್ರೆಯನ್ನು ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರವಿ ಕೇಕ್ ಮಾಡುತ್ತಿದ್ದರಂತೆ. ಮುಚ್ಚಳ ಎತ್ತಿದರೆ ಬೂದಿ ಒಳಗೆ ಬೀಳುತ್ತದೆ. ಹಾಗಾಗಿ ಎತ್ತದೆ, ಬಗ್ಗಿ ಕಿವಿಕೊಟ್ಟು ತಿಳಿದುಕೊಳ್ಳುತ್ತಿದ್ದರು. ಆ ವಿದ್ಯೆ ಮಗಳಿಗೆ ಬಂದಿತ್ತು. ಒಳ್ಳೆಯ ಒವನ್ ಬಂದ ಮೇಲೂ, ಅದರಲ್ಲಿ ಗಂಟೆ ಬಾರಿಸುವ ಟೈಮರ್ ಇದ್ದರೂ, ಅವರು ಕಿವಿಯನ್ನು ಬಿಡಲಿಲ್ಲ. ಎಲ್ಲರೂ ಮಾಡುವ ಹಾಗೆ ಹಿಡಿಸೂಡಿ ಪೊರಕೆಯ ಒಂದು ಕಡ್ಡಿ ತೊಳೆದು ಕೇಕಿಗೆ ಚುಚ್ಚಿ ನೋಡಬಾರದೇ ಎಂದು ನಾನು ಒಮ್ಮೆ ಹೇಳಿದ್ದೆ. ಅಂದು ಅವರು ಕನ್ನಡದಲ್ಲಿ ಮಾತಾಡಿದರು.

"ಬಸುರಿಯ ಹೊಟ್ಟೆಗೆ ಕಡ್ಡಿ ಚುಚ್ಚಿ ತಿಂಗಳು ಲೆಕ್ಕ ಹಾಕ್ತಾರಾ?"

ಮನೆಯಲ್ಲೇ ಹುಟ್ಟುಹಬ್ಬದ ಕೇಕ್ ಮಾಡಿಕೊಡುತ್ತಿದ್ದರು. ಐದು ವರ್ಷದ ಹಿಂದಿನವರೆಗೆ ಅವು ಸಾಧಾರಣ ಕೇಕ್‌ಗಳು. ಆಮೇಲೆ ಒಂದು ದಿನ ಹೊಸ ನಮೂನೆ ಶುರುವಾಯಿತು. ಕೇಕಿನ ನಡುಭಾಗವನ್ನು ಚಮಚದಿಂದ ತೋಡಿ ತೆಗೆದು, ಆ ಗುಳಿಯಲ್ಲಿ ಮಿಠಾಯಿ, ಸಣ್ಣ ಆಟದ ಸಾಮಾನು ತುಂಬಿಸಿ, ಮೇಲೆ ಚಾಕೊಲೇಟಿನ ತೆಳು ಮುಚ್ಚಳ ಕೂರಿಸಿ, ಕ್ರೀಮ್ ಬಳಿದು, ಒಳಗೆ ಏನೂ ಇಲ್ಲದ ಹಾಗೆ ಕಾಣುವಂತೆ ಮಾಡುವುದು. ಮಗು ಒಂದು ಪುಟ್ಟ ಮರದ ಸುತ್ತಿಗೆಯಿಂದ ಮುಚ್ಚಳ ಒಡೆಯಬೇಕು. ಮಣಿಪಾಲದ ದೊಡ್ಡ ಬೇಕರಿಗಳಲ್ಲಿ ಇಂಥದು ಸಿಗುತ್ತದೆ, ನಾನು ಮೊಬೈಲಿನಲ್ಲಿ ನೋಡಿ ಕಲಿತೆ ಎಂದು ಎಲ್ಲರಿಗೂ ಹೇಳಿದರು. ತುಳುವಿನಲ್ಲಿ ಹೊಟ್ಟೆಗೆ ಬಂಜಿ ಎನ್ನುತ್ತಾರೆ. ನಮ್ಮ ಬೀದಿಯ ಮಕ್ಕಳು ಅದಕ್ಕೆ 'ಬನ್ನಂಜೆದ ಬಂಜಿ ಕೇಕ್' ಎಂದು ಹೆಸರಿಟ್ಟು, ಅವರ ಗೇಟಿನ ಮುಂದೆ ಸೈಕಲ್ ತುಳಿಯುತ್ತ ಪದ ಮಾಡಿ ಹೇಳುತ್ತಿದ್ದವು. ಬಾಯಮ್ಮ ಒಳಗಿನಿಂದ, ನಿಮ್ಮ ಅಪ್ಪನ ಬಂಜಿಗಿಂತ ಸಣ್ಣದು ಅದು ಎನ್ನುತ್ತಿದ್ದರು.

ಸುತ್ತಿಗೆ ಒಂದೇ. ಆದಿ ಉಡುಪಿಯ ಒಬ್ಬ ಆಚಾರಿಯಿಂದ ಹಲಸಿನ ಮರದಲ್ಲಿ ಮಾಡಿಸಿದ್ದು. ಕೇಕ್ ಕೊಡುವಾಗ ಸುತ್ತಿಗೆಯನ್ನೂ ಕೊಟ್ಟು, ಕೇಕ್ ನಿಮ್ಮದು, ಸುತ್ತಿಗೆ ನನ್ನದು ಎಂದು ನೆನಪಿಸುತ್ತಿದ್ದರು. ಮರುದಿನ ಅದು ವಾಪಸು ಬರಲೇಬೇಕು.

ಒಳಗೆ ಏನಿಡಬೇಕು ಎನ್ನುವುದಕ್ಕೆ ಅವರ ಒಂದು ಪ್ರಶ್ನೆ ಇತ್ತು. ಮಗುವಿಗೆ ಏನು ಇಷ್ಟ ಎಂದು ಅವರು ಯಾರನ್ನೂ ಕೇಳಲಿಲ್ಲ. "ಈ ವರ್ಷ ಮಗು ಎಂತ ಕಳಕೊಂಡಿದೆ?" ಎಂದು ಕೇಳುತ್ತಿದ್ದರು. ರಬ್ಬರು, ಕ್ಲಿಪ್ಪು, ನೀರಿನ ಬಾಟಲಿಯ ಮುಚ್ಚಳ, ಅಂಗಿಯ ಗುಂಡಿ, ಹೀಗೆ ಏನಾದರೂ ಇರುತ್ತದೆ. ಅದನ್ನೋ ಅದರ ಹಾಗಿರುವ ಇನ್ನೊಂದನ್ನೋ ಹುಡುಕಿ, ಬಟರ್ ಪೇಪರಿನಲ್ಲಿ ಸುತ್ತಿ, ಮಿಠಾಯಿಗಳ ಅಡಿಯಲ್ಲಿ ಇಡುತ್ತಿದ್ದರು. ಬೆಕ್ಕು ಸತ್ತ ಮನೆಯೊಂದಕ್ಕೆ ಬೆಕ್ಕಿನ ಮುಖದ ಒಂದು ಗುಂಡಿ ಇಟ್ಟರು. ಮಗು ಅತ್ತಿತೆಂದು ಆ ಮನೆಯವರು ದೂರು ಹೇಳಿದರು. ಅಳಲಿ, ಹುಟ್ಟುಹಬ್ಬದ ದಿನ ಅಳಬಾರದು ಅಂತ ಎಲ್ಲಿ ಬರೆದಿದೆ ಎಂದರು ಬಾಯಮ್ಮ.

ಎರಡು ವರ್ಷದ ಹಿಂದೆ ಕಾರ್ಕಳದಿಂದ ಒಬ್ಬ ಹೆಂಗಸು ಫೋನ್ ಮಾಡಿ, ತನ್ನ ಅಣ್ಣನ ಹುಟ್ಟುಹಬ್ಬಕ್ಕೆ ಕೇಕ್ ಬೇಕೆಂದರು. ಮಾತು ಕೊಂಕಣಿಯಲ್ಲಿ. ಕೊಂಕಣಿಯಲ್ಲಿ ಏಳಕ್ಕೆ ಸಾತ್, ಅರುವತ್ತಕ್ಕೆ ಸಾಟ್. ಆ ಹೆಂಗಸು ಹೇಳಿದ್ದು ಸಾಟ್. ಬಾಯಮ್ಮನಿಗೆ ಕೇಳಿಸಿದ್ದು ಸಾತ್. 'ಅಣ್ಣ' ಎನ್ನುವುದೂ ಅವರ ಕಿವಿಗೆ ಬಿದ್ದಿರಲಿಲ್ಲ ಎಂದು ಕಾಣುತ್ತದೆ. ಅವರು ವಾಡಿಕೆಯಂತೆ, ಈ ವರ್ಷ ಏನು ಕಳೆದುಕೊಂಡಿದ್ದು ಎಂದು ಕೇಳಿದರು. ಆಚೆಯಿಂದ ಉತ್ತರ ಬಂತು: ಹಲ್ಲು. ಏಳು ವರ್ಷಕ್ಕೂ ಅರುವತ್ತು ವರ್ಷಕ್ಕೂ ಸರಿಹೊಂದುವ ಉತ್ತರ ಅದೊಂದೇ ಇರಬೇಕು. ಬಾಯಮ್ಮ ಮೊಲದ ಚಿತ್ರವಿರುವ ಕೆಂಪು ಬ್ರಶ್ಶು, ಎರಡು ಪ್ಲಾಸ್ಟಿಕ್ ಆನೆ, ಒಂದು ಪೀಪಿ ಇಟ್ಟು, ಮೇಲೆ ಕ್ರೀಮಿನಲ್ಲಿ ದೊಡ್ಡದಾಗಿ ಏಳು ಎಂದು ಬರೆದು ಕಳಿಸಿದರು.

ಕಾರ್ಕಳದ ಮನೆಯವರು ಅದನ್ನು ತಮಾಷೆ ಎಂದುಕೊಂಡರು. ಅರುವತ್ತರ ಮನುಷ್ಯ ಪೀಪಿ ಊದಿ, ಬ್ರಶ್ಶನ್ನು ಶರ್ಟಿನ ಜೇಬಿಗೆ ಸಿಕ್ಕಿಸಿಕೊಂಡು ಫೋಟೋ ತೆಗೆಸಿದರಂತೆ. ಸುತ್ತಿಗೆ ವಾಪಸು ಕೊಡಲು ಬಂದ ಆ ಹೆಂಗಸು ನಗುತ್ತ ಅದನ್ನೆಲ್ಲ ಹೇಳುವಾಗ ನಾನು ಅಲ್ಲೇ ಇದ್ದೆ. ಬಾಯಮ್ಮನೂ ನಕ್ಕರು. ಆಕೆ ಹೋದ ಮೇಲೆ ಕುರ್ಚಿಯಲ್ಲಿ ಕುಳಿತರು.

"ಒಂದು ಟಕಾರದಲ್ಲಿ ಮನುಷ್ಯನ ಐವತ್ತಮೂರು ವರ್ಷ ಹೋಯಿತು ಮಾರಾಯ್ತಿ," ಎಂದರು. ಆಮೇಲೆ ಕಿವಿ ಮುಟ್ಟಿಕೊಂಡು, "ಎಡದ್ದು ಹೋಗಿ ತುಂಬ ಕಾಲ ಆಯಿತು. ಈಗ ಬಲದ್ದೂ," ಎಂದರು.

ನನಗೆ ಅಷ್ಟರವರೆಗೆ ಗೊತ್ತಿರಲಿಲ್ಲ. ನಾನು ಮಣಿಪಾಲದ ಒಂದು ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ರಕ್ತ ಪರೀಕ್ಷೆ ಮಾಡಿದವಳು. ನೋಡುವುದೇ ನನ್ನ ಕೆಲಸವಾಗಿತ್ತು. ಕಂಪೌಂಡಿನ ಆಚೆ ಇದ್ದದ್ದನ್ನು ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಕಡೆಯಿಂದ ಅವರ ತೆಂಗಿನ ಬುಡ ನೋಡಿದೆ. ಇರುವೆ ಸಾಲು ಕಟ್ಟಿತ್ತು. ಹತ್ತಿರ ಹೋದರೆ, ಮಣ್ಣಿನ ಮೇಲೆ ಹಳದಿಯಾಗಿ ಅಂಟು ಅಂಟಾಗಿ ಬಿದ್ದಿದ್ದದ್ದು ಕೇಕಲ್ಲ, ಬೇಯದ ಹಿಟ್ಟು. ಆಗ ಇನ್ನೊಂದು ವಿಷಯ ಹೊಳೆಯಿತು. ಬಂಜಿ ಕೇಕಿನಿಂದ ತೋಡಿ ತೆಗೆದ ನಡುಭಾಗವನ್ನು ಅವರು ಬೀದಿಯ ಮಕ್ಕಳಿಗೆ ಒಂದು ದಿನವೂ ಕೊಟ್ಟಿರಲಿಲ್ಲ. ಕೈಬಿಚ್ಚಿ ಕೊಡುವ ಹೆಂಗಸು, ಅದೊಂದನ್ನು ಮಾತ್ರ ಕೊಡುತ್ತಿರಲಿಲ್ಲ.

ಕೇಳಿದೆ. ಅವರು ಮುಚ್ಚಿಡಲಿಲ್ಲ. ಕಿವಿ ಮಂದವಾದಂತೆ ಎಲ್ಲ ಕೇಕುಗಳೂ ಸುಮ್ಮನೇ ಇರತೊಡಗಿದವು. ಸುಮ್ಮನಾಗಿದೆ ಎಂದು ತೆಗೆದರೆ ನಡುವೆ ಹಸಿ. ಒಂದು ಮನೆಯಿಂದ ಕೇಕ್ ವಾಪಸೇ ಬಂತು. ಅಂದು ಆ ಹಸಿ ಭಾಗವನ್ನು ತೋಡಿ ಎಸೆದು, ಉಳಿದ ಗುಳಿಯನ್ನು ನೋಡುತ್ತ ಕುಳಿತಿದ್ದಾಗ, ಡಬ್ಬಿಯಲ್ಲಿದ್ದ ಮಿಠಾಯಿ ಸುರಿದು ಮುಚ್ಚುವ ಯೋಚನೆ ಬಂತಂತೆ. ಮೊಬೈಲಿನಲ್ಲಿ ನೋಡಿ ಕಲಿತದ್ದಲ್ಲ.

ಟೈಮರ್ ಇದೆಯಲ್ಲ, ಕಡ್ಡಿ ಇದೆಯಲ್ಲ, ಕಿವಿಗೆ ಹಾಕುವ ಮೆಶೀನ್ ಇದೆಯಲ್ಲ ಎಂದು ನಾನು ಒಂದೊಂದಾಗಿ ಹೇಳಿದೆ. ಮಣಿಪಾಲದಲ್ಲಿ ನಾನೇ ತೋರಿಸುತ್ತೇನೆ ಎಂದೆ. ಅವರು ತಾಯಿಯ ಕತೆ ಹೇಳಿದರು. ಕೊನೆಯ ಹತ್ತು ವರ್ಷ ತಾಯಿಗೆ ಕಿವಿ ಕೇಳುತ್ತಿರಲಿಲ್ಲ. ಮನೆಗೆ ಬಂದವರು ಅವರ ಎದುರಿನಲ್ಲೇ 'ಕೆಪ್ಪಿಗೆ ಊಟ ಆಯಿತಾ' ಎಂದು ಕೇಳುತ್ತಿದ್ದರು, ಮನೆಯವರು ಆಯಿತು ಎನ್ನುತ್ತಿದ್ದರು. ಮೆಶೀನ್ ಕಿವಿಯಲ್ಲಿ ಕಂಡರೆ ಮಗಳಿಗೆ ಗೊತ್ತಾಗುತ್ತದೆ. ಗ್ಯಾಸು, ಒವನ್ನು, ಒಬ್ಬರೇ ಇರುವುದು, ಇದೆಲ್ಲ ಸಾಕು ಎಂದು ಮಗಳು ಮೊದಲೇ ಹೇಳುತ್ತಿದ್ದಳು. ಒಂದು ಕಾರಣ ಸಿಕ್ಕಿದರೆ ಸಾಕು, ಕಾಪುವಿಗೆ ಕೊಂಡುಹೋಗುತ್ತಾಳೆ.

"ಅವಳು ಕೆಟ್ಟವಳಲ್ಲ. ಚೆನ್ನಾಗಿ ನೋಡಿಕೊಳ್ತಾಳೆ. ಟಿವಿ ಎದುರು ಕೂರಿಸಿ, ಎರಡು ಹೊತ್ತು ಮೀನು ಹಾಕಿ, ನನ್ನನ್ನು ಬೇಯಿಸಿ ಸುಮ್ಮನಾಗಿಸ್ತಾಳೆ. ನೀವು ಯಾರಿಗೂ ಹೇಳಬಾರದು. ನಾನು ಇರುವವರೆಗೆ ಅಂತ ಅಲ್ಲ, ಯಾವಾಗಲೂ."

ನಾನು ಆಯಿತು ಎಂದೆ. ಇನ್ನೊಂದು ಮಾತನ್ನೂ ಅವರು ತೆಗೆದುಕೊಂಡರು. ನಮ್ಮ ಕಡೆ ಏನು ಹೇಳಿದರೂ ಕೊನೆಗೆ 'ಕೇಳಿತಾ?' ಎಂದು ಸೇರಿಸುವ ಅಭ್ಯಾಸ. ಅದೊಂದು ಶಬ್ದ ನನ್ನ ಹತ್ತಿರ ಬೇಡ ಎಂದರು.

ಅಲ್ಲಿಂದ ಎರಡು ವರ್ಷ ಅವರ ಫೋನ್ ನಮ್ಮ ಮನೆಯಲ್ಲಿರುತ್ತಿತ್ತು. ಆರ್ಡರುಗಳನ್ನು ನಾನು ಬರೆದುಕೊಂಡು ಕಂಪೌಂಡಿನ ಮೇಲೆ ಚೀಟಿ ಇಡುತ್ತಿದ್ದೆ. ಮಗಳ ಫೋನ್ ಬಂದರೆ ಮಾತ್ರ ಓಡಿಹೋಗಿ ಅವರ ಕೈಗೆ ಕೊಡುತ್ತಿದ್ದೆ. ಅವರು ಅದನ್ನು ಬಲಗಿವಿಗೆ ಒತ್ತಿ ಹಿಡಿದು, ಹೂಂ, ಹೌದು, ಆಯಿತು ಎನ್ನುತ್ತಿದ್ದರು. ಕೇಕ್ ಬೇಯುವ ಹೊತ್ತಿಗೆ ನನ್ನನ್ನು ಕರೆಯುತ್ತಿದ್ದರು. ಟವೆಲ್ ನನ್ನ ಕೈಗೆ ಸುತ್ತಿ, ಟಿನ್ನನ್ನು ನನ್ನ ಕಿವಿಯ ಹತ್ತಿರ ಹಿಡಿಸಿ, ನನ್ನ ಮುಖ ನೋಡುತ್ತ ನಿಲ್ಲುತ್ತಿದ್ದರು. "ಎಂತ ಹೇಳ್ತದೆ?" ಎನ್ನುತ್ತಿದ್ದರು. ಇನ್ನೂ ಮಾತಾಡುತ್ತಿದೆ ಎಂದು ನಾನು ಬೆರಳಾಡಿಸಿ ತೋರಿಸುತ್ತಿದ್ದೆ. ಆ ಎರಡು ವರ್ಷ ಕೇಕಿನ ನಡುಭಾಗ ಚೆನ್ನಾಗಿ ಬೇಯುತ್ತಿತ್ತು. ತೋಡಿ ತೆಗೆದದ್ದನ್ನು ಬೀದಿಯ ಮಕ್ಕಳು ಗೇಟಿನಲ್ಲೇ ಮುಗಿಸುತ್ತಿದ್ದವು. ರಸ್ತೆಯಲ್ಲಿ ಹೋಗುವಾಗ ನಾನು ಅವರ ಬಲಗಡೆ ನಡೆಯಬೇಕು, ಹಿಂದಿನಿಂದ ವಾಹನ ಬಂದರೆ ಮೊಣಕೈ ಮುಟ್ಟಬೇಕು. ಇದು ಮಾತಾಡಿ ನಿಶ್ಚಯಿಸಿದ್ದಲ್ಲ, ತಾನಾಗಿ ಆದದ್ದು.

ಮೊಮ್ಮಗಳಿಗೆ ಏಳು ತುಂಬುವ ದಿನ ಬಂತು. ಈ ಸಲ ನಿಜವಾದ ಸಾತ್ ಎಂದು ಬಾಯಮ್ಮ ನಕ್ಕರು. ಮಗು ಶಾಲೆಯ ವ್ಯಾನಿನಲ್ಲಿ ಹಳದಿ ಕೊಡೆ ಕಳೆದುಕೊಂಡಿದೆ ಎಂದು ಮಗಳಿಂದ ಕೇಳಿ ಬರೆದುಕೊಟ್ಟಿದ್ದೆ. ಹಳದಿ ಕಾಗದ ಮಡಚಿ, ಹಲ್ಲುಕಡ್ಡಿ ಸಿಕ್ಕಿಸಿ, ಹೆಬ್ಬೆರಳಿನಷ್ಟು ದೊಡ್ಡ ಕೊಡೆ ಮಾಡಿದರು. ಬಿಚ್ಚಲು, ಮುಚ್ಚಲು ಬರುತ್ತಿತ್ತು.

ಇಬ್ಬರೂ ಬಸ್ಸಿನಲ್ಲಿ ಕಾಪುವಿಗೆ ಹೋದೆವು. ಮಧ್ಯಾಹ್ನ ಮೂರು ಗಂಟೆ ದಾಟಿತ್ತು, ಮಳೆ ಇರಲಿಲ್ಲ. ಕೇಕಿನ ಪೆಟ್ಟಿಗೆ ಅವರ ತೊಡೆಯ ಮೇಲೆ. ಮುಂದಿನ ಬಾಗಿಲಿನಿಂದ ಇಳಿದೆವು. ಮಗಳ ಮನೆಗೆ ರಸ್ತೆ ದಾಟಬೇಕು. ಇಳಿದ ಮೇಲೆ ಅವರು ತಿರುಗಿ, "ಸುತ್ತಿಗೆ?" ಎಂದರು. ಸುತ್ತಿಗೆಯ ಚೀಲ ಸೀಟಿನಲ್ಲಿ ಉಳಿದಿತ್ತು. ನಾನು ನಿಲ್ಲಿ ಎಂದು ಕೈ ತೋರಿಸಿ ಬಸ್ಸು ಹತ್ತಿದೆ. ಅವರು ಆ ಕೈಯನ್ನು ನೋಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಇಷ್ಟು ದಿನ ಯೋಚಿಸಿದರೂ ಗೊತ್ತಾಗಿಲ್ಲ.

ಚೀಲ ಕೈಯಲ್ಲಿ ಹಿಡಿದು ತಿರುಗುವಾಗ ಹಾರನ್ ಕೇಳಿತು. ಬಸ್ಸಿನ ಕಿಟಕಿಯಿಂದ ಕಂಡದ್ದು: ಬಾಯಮ್ಮ ರಸ್ತೆಯ ನಡುವೆ, ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ಎದೆಯ ಎತ್ತರದಲ್ಲಿ ಹಿಡಿದು, ಅಲುಗದ ಹಾಗೆ ನಿಧಾನ ನಡೆಯುತ್ತಿದ್ದರು. ಎಡಗಡೆಯಿಂದ ಮೀನಿನ ಟೆಂಪೊ. ಇನ್ನೊಂದು ಹಾರನ್. ಮತ್ತೊಂದು, ಉದ್ದದ್ದು. ಒಟ್ಟು ಮೂರು. ಟೆಂಪೊ ಬ್ರೇಕ್ ಹಾಕಿ ಅಡ್ಡ ತಿರುಗಿತು. ನಾನು ಕಿಟಕಿಯಿಂದ ಅವರನ್ನು ಕೂಗಿ ಕರೆದೆ. ಅವರಿಗೆ ಕೇಳಿಸದು ಎಂದು ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆದರೂ ಕೂಗಿದೆ.

ರಸ್ತೆಯ ಮೇಲೆ ಮಿಠಾಯಿಗಳು ತುಂಬ ದೂರದವರೆಗೆ ಹೋಗಿದ್ದವು. ಹಳದಿ ಕೊಡೆ ಬಿಚ್ಚಿಕೊಂಡಿತ್ತು. ಅದನ್ನು ನಾನು ಹೆಕ್ಕಿಕೊಂಡೆ.

ಜನ ಡ್ರೈವರನ ಕಾಲರ್ ಹಿಡಿದಿದ್ದರು. ನಡುವಯಸ್ಸಿನ ಮನುಷ್ಯ. ಮೂರು ಸಲ ಹಾರನ್ ಹಾಕಿದ್ದೇನೆ, ದೇವರಾಣೆ ಎನ್ನುತ್ತಿದ್ದ. ಹಾರನ್ ಹಾಕಿದರೆ ಯಾರಾದರೂ ತಿರುಗದೆ ಇರುತ್ತಾರಾ ಎಂದು ಜನ ಕೇಳಿದರು. ಅದಕ್ಕೆ ಉತ್ತರ ಇದ್ದದ್ದು ನನ್ನ ಹತ್ತಿರ. ಸಂಜೆ ಠಾಣೆಯಲ್ಲಿ ಕೇಳಿದಾಗ ನಾನು ಹೇಳಿದೆ: ಆಗ ನಾನು ಬಸ್ಸಿನೊಳಗೆ ಇದ್ದೆ, ಒಂದು ಚೀಲ ತರಲು ಹತ್ತಿದ್ದೆ. ಅಷ್ಟೇ. ಅದು ನಿಜ.

ಮೂರನೆಯ ವಾರ ಆ ಡ್ರೈವರ್ ಬನ್ನಂಜೆಗೆ ಬಂದ. ನಮ್ಮ ಗೇಟಿನ ಒಳಗೆ ಕಾಲಿಡಲಿಲ್ಲ. ಲೈಸೆನ್ಸ್ ಠಾಣೆಯಲ್ಲಿದೆ, ಟೆಂಪೊ ಠಾಣೆಯ ಹಿಂದೆ ನಿಂತಿದೆ, ಮನೆಯಲ್ಲಿ ಹೆಂಡತಿಯೂ ಈಗ ನಂಬುವುದಿಲ್ಲ ಎಂದ. ಆಮೇಲೆ, "ಅಮ್ಮ, ನೀವು ಬಸ್ಸಿನಲ್ಲಿ ಇದ್ದವರಲ್ವಾ. ನಿಮಗೆ ಹಾರನ್ ಕೇಳಿತಾ?" ಎಂದು ಕೇಳಿದ. ನಾನು ಒಳಗೆ ಇದ್ದೆ ಎಂದೆ. ಅವನು, ನನಗೇ ಈಗ ಸಂಶಯ ಬರುತ್ತದೆ ಅಮ್ಮ, ನಾನು ಹಾಕಿದ್ದೇನಾ ಇಲ್ಲವಾ ಅಂತ ಎಂದು ಹೇಳಿ ಹೋದ. ಬೈದಿದ್ದರೆ ಸುಲಭವಾಗುತ್ತಿತ್ತು. ಅಂದು ಸಂಜೆವರೆಗೆ ನಾನು ಜಗಲಿಯಲ್ಲೇ ಕುಳಿತಿದ್ದೆ. ಕಂಪೌಂಡಿನ ಆಚೆ ಅಡುಗೆಮನೆಯ ಕಿಟಕಿ ಮುಚ್ಚಿತ್ತು. ಯಾರಿಗೂ ಹೇಳಬಾರದು, ಯಾವಾಗಲೂ ಎಂದು ಬಾಯಮ್ಮ ಹೇಳಿದ್ದು ನೆನಪಿತ್ತು.

ಚರ್ಚಿನಲ್ಲಿ ತಾಯಿಯ ತಿಂಗಳ ಪೂಜೆ ಮುಗಿಸಿ ಮಗಳು ಮನೆ ಖಾಲಿ ಮಾಡಲು ಬಂದಳು. ಸಾಮಾನು ಕಟ್ಟಲು ನಾನೂ ಹೋದೆ. ಕೇಕಿನ ಟಿನ್ನುಗಳನ್ನು ಒಂದರೊಳಗೊಂದು ಇಡುತ್ತ ಅವಳು, "ಆ ಮನುಷ್ಯ ಹಾರನ್ ಹಾಕಲೇ ಇಲ್ಲ ಅಲ್ವಾ ಆಂಟಿ?" ಎಂದಳು.

ಹಾಕಿದ್ದಾನೆ, ಮೂರು ಸಲ ಎಂದೆ. ಆಮೇಲೆ ಉಳಿದದ್ದನ್ನೆಲ್ಲ ಹೇಳಿದೆ. ಸಾತ್, ಸಾಟ್, ತೆಂಗಿನ ಬುಡ, ಟವೆಲ್, ಮೊಣಕೈ. ಅವಳು ನನ್ನನ್ನು ತಡೆಯಲಿಲ್ಲ. ನೀವು ಹೇಳಿದ್ದರೆ ಮಮ್ಮಿ ಬದುಕಿರುತ್ತಿದ್ದರು ಎನ್ನುತ್ತಾಳೆಂದು ಕಾದೆ. ನಾನು ಅದಕ್ಕೆ ತಯಾರಾಗಿದ್ದೆ. ಅವಳು ಟಿನ್ನನ್ನು ಕೆಳಗಿಟ್ಟು ಮಾತಾಡಿದಳು.

"ಮೊದಲು ಮಮ್ಮಿ ನಾನು ಹೇಳಿದ್ದಕ್ಕೆಲ್ಲ ಜಗಳ ಮಾಡ್ತಿದ್ದರು. ಎರಡು ವರ್ಷದಿಂದ ಫೋನಲ್ಲಿ ಎಂತ ಹೇಳಿದರೂ ಹೌದು, ಆಯಿತು. ನಾನು ಗಂಡನ ಹತ್ತಿರ ಹೇಳ್ತಿದ್ದೆ ಆಂಟಿ, ಮಮ್ಮಿ ಈಗ ನನ್ನ ಮಾತು ಕೇಳ್ತಾರೆ ಅಂತ."

ಆಮೇಲೆ ಅವಳು ಒವನ್ನಿನ ಬಾಗಿಲು ತೆಗೆದು ಒಳಗೆ ಏನೂ ಇಲ್ಲವೆಂದು ನೋಡಿ ಮುಚ್ಚಿದಳು. ನಾಳೆ ಠಾಣೆಗೆ ಹೋಗೋಣ, ಕಾರು ತರುತ್ತೇನೆ ಎಂದಳು. ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟೆ. ಅವಳು ನೋಡಿ ಹಿಂದಕ್ಕೆ ಕೊಟ್ಟಳು. ಹಳದಿ ಕೊಡೆಯನ್ನು ಮಾತ್ರ ಪರ್ಸಿನಲ್ಲಿ ಇಟ್ಟುಕೊಂಡಳು.

ಕಾಪು ಠಾಣೆಯಲ್ಲಿ ಹೇಳಿಕೆ ಬರೆದುಕೊಂಡವರು ಸಾವಧಾನದ ಮನುಷ್ಯ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಅವರು ಹೇಳಬೇಡಿ ಎಂದಿದ್ದರು ಎಂದೆ. ಯಾರು ಎಂದರು. ತೀರಿಹೋದವರು ಎಂದೆ. ಅದನ್ನು ಅವರು ಬರೆದುಕೊಳ್ಳಲಿಲ್ಲ.

"ಹಾರನ್ ನಿಮಗೆ ಕೇಳಿತಾ?"

"ಕೇಳಿತು. ಮೂರು ಸಲ."

ಮೃತರಿಗೆ ಎರಡು ವರ್ಷಗಳಿಂದ ಎರಡೂ ಕಿವಿ ಕೇಳುತ್ತಿರಲಿಲ್ಲ ಎಂದು ಬರೆದು, ನನಗೆ ಓದಿ ಹೇಳಿದರು. ಕಿಟಕಿಯ ಹೊರಗೆ ಟೆಂಪೊ ಕಾಣುತ್ತಿತ್ತು, ಅದರ ಮೇಲೆ ಎಲೆ ಬಿದ್ದಿತ್ತು. ಎಲ್ಲ ಸರಿ ಇದೆಯಾ ಎಂದು ಅವರು ಕೇಳಿದಾಗ, ಒಂದು ವಾಕ್ಯ ಸೇರಿಸಬಹುದೇ ಎಂದೆ. ಅವರು ಪೆನ್ನು ತೆಗೆದರು. ಒವನ್‌ನಿಂದ ತೆಗೆದ ಕೇಕನ್ನು ಅವರು ಕಿವಿಯ ಹತ್ತಿರ ಹಿಡಿದು ನೋಡುತ್ತಿದ್ದರು ಎಂದು ಬರೆಯಿರಿ ಎಂದೆ.

"ಅದೆಲ್ಲ ಕೇಸಿಗೆ ಬೇಡ ಅಮ್ಮ," ಎಂದರು.

ಅದಕ್ಕೆ ಇಲ್ಲಿ ಬರೆದೆ.